ಗೋಮಾಳದ ಹಗೇವು

“ಕೇಳ್ತಿಲ್ಲ ಮಿಸ್” ಎಂದು ಹಿಂದಿನ ಬೆಂಚಿನಿಂದ ತಿಮ್ಮೇಶ ಅಂದ. ದಿನವೂ ಅವನು ಅನ್ನುವ ಮಾತೇ. ಚಲುವಾಂಬ ಪುಸ್ತಕದಿಂದ ಕಣ್ಣೆತ್ತದೆ ಅದೇ ವಾಕ್ಯವನ್ನು ಇನ್ನೊಂದು ಸಲ ಹೇಳಿದಳು. ಎರಡನೆಯ ಸಲಕ್ಕೆ ದನಿ ಮೇಲೇಳುವ ಬದಲು ಇನ್ನಷ್ಟು ಒಳಕ್ಕೆ ಸರಿಯಿತು. ಗಂಟಲತನಕ ಬಂದ ಮಾತು, ಕರೆಯದ ಮನೆಯ ಹೊಸಿಲಲ್ಲಿ ನಿಂತ ನೆಂಟರ ಹಾಗೆ, ಮುಂದಕ್ಕೆ ಬರಲೋ ಬೇಡವೋ ಎಂದು ಅಲ್ಲೇ ನಿಂತುಬಿಡುತ್ತಿತ್ತು. “ಸಾವಿರದ ಎಂಟುನೂರ ಮೂವತ್ತರಲ್ಲಿ ಒಂದು ಕಾನೂನು ಬಂತು. ಮಿಸಿಸಿಪ್ಪಿ ನದಿಯ ಈಚೆ ದಡದಲ್ಲಿದ್ದ ಮೂಲನಿವಾಸಿಗಳನ್ನೆಲ್ಲ ಆಚೆ ದಡಕ್ಕೆ ಕಳಿಸುವ ಕಾನೂನು.” “ಎಷ್ಟ್ರಲ್ಲಿ ಮಿಸ್?” “ಮೂವತ್ತರಲ್ಲಿ.” “ಆಯ್ತು ಬುಡಿ ಮಿಸ್, ಗೈಡಲ್ಲಿ ನೋಡ್ಕತೀವಿ” ಎಂದ ತಿಮ್ಮೇಶ. ಹುಡುಗರು ಕಿಸಕ್ಕೆಂದರು. ಅವಳೂ ನಗಲು ನೋಡಿದಳು. ಮೇಷ್ಟ್ರಾದವರು ಇಂಥದಕ್ಕೆ ನಕ್ಕುಬಿಡಬೇಕು ಎಂದು ಯಾರೋ ಹೇಳಿದ್ದರು. ಆದರೆ ನಗು ತುಟಿಗೆ ಬರುವಷ್ಟರಲ್ಲಿ ಹುಡುಗರು ನಕ್ಕು ಮುಗಿಸಿ ಬೇರೇನೋ ಮಾತಿಗೆ ಹೋಗಿದ್ದರು. ಒಬ್ಬಳೇ ಹಲ್ಲು ಬಿಟ್ಟುಕೊಂಡು ನಿಂತ ಹಾಗಾಯಿತು. ಕಿಟಕಿಯಾಚೆ ಕುಂತಿಬೆಟ್ಟದ ಎರಡು ಬಂಡೆಗಳು ಬಿಸಿಲಿಗೆ ಬೆಳ್ಳಗೆ ಕಾಣುತ್ತಿದ್ದವು. ಸಕ್ಕರೆ ಕಾರ್ಖಾನೆ ಕಡೆಯಿಂದ ಕಾಕಂಬಿಯ ಹುಳಿವಾಸನೆ ಬಂದು ಕ್ಲಾಸಿನ ತುಂಬ ಕೂತಿತ್ತು. ಎರಡನೇ ಬೆಂಚಿನ ತುದಿಯಲ್ಲಿ ಹೇಮ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದಳು. ಅವಳೊಬ್ಬಳಿಗೆ ಎಲ್ಲವೂ ಕೇಳಿಸುತ್ತಿತ್ತು. ಇವತ್ತು ಚಲುವಾಂಬ ಆ ಬೆಂಚಿನ ಕಡೆಗೆ ಒಮ್ಮೆಯೂ ನೋಡಿರಲಿಲ್ಲ.

ಮೈಸೂರಿನಲ್ಲಿ ಎಂ.ಎ. ಮಾಡುವಾಗಲೂ ಹೀಗೇ. ಸೆಮಿನಾರಿನಲ್ಲಿ ಎದ್ದು ನಿಂತರೆ ಪ್ರೊಫೆಸರು ಕಿವಿಗೆ ಕೈ ಆನಿಸಿಕೊಂಡು ಮುಂದಕ್ಕೆ ಬಾಗುತ್ತಿದ್ದರು, ಅದನ್ನು ಕಂಡು ಉಳಿದವರು ನಗುತ್ತಿದ್ದರು. ಅಲ್ಲಿ ನುಂಗಿಕೊಂಡದ್ದನ್ನೆಲ್ಲ ರಾತ್ರಿ ಹಾಸ್ಟೆಲಿನಲ್ಲಿ ಡೈರಿಗೆ ಬರೆಯುತ್ತಿದ್ದಳು. ಅಲ್ಲಿ ಅವಳ ವಾಕ್ಯಗಳು ಉದ್ದವಾಗಿಯೂ ಧೈರ್ಯವಾಗಿಯೂ ಇರುತ್ತಿದ್ದವು. ಪಾಂಡವಪುರದ ಈ ಕಾಲೇಜಿನಲ್ಲಿ ಅರೆಕಾಲಿಕ ಕೆಲಸ ಸಿಕ್ಕಿದಾಗ ಯಾರಿಗೂ ಬೇಡವಾಗಿದ್ದ ಪೇಪರು ಅವಳ ಪಾಲಿಗೆ ಬಂದಿತ್ತು: ಅಮೆರಿಕದ ಇತಿಹಾಸ, ವಸಾಹತಿನ ಕಾಲದಿಂದ ಅಂತರ್ಯುದ್ಧದವರೆಗೆ. ಮೈಸೂರು ದಾಟಿ ಆಚೆ ಹೋಗದವಳು ವರ್ಜೀನಿಯದ ಹೊಗೆಸೊಪ್ಪು, ಬಾಸ್ಟನ್ನಿನ ಚಹಾ ಎಂದು ಹೇಳುತ್ತ ನಿಲ್ಲಬೇಕಿತ್ತು. ಒಂದೇ ಒಂದು ದಿನ, ಆಷಾಢದಲ್ಲಿ ಕ್ಲಾಸು ಶುರುವಾದ ಹೊಸತರಲ್ಲಿ, ಯಾರೂ ‘ಕೇಳ್ತಿಲ್ಲ’ ಅಂದಿರಲಿಲ್ಲ. ಆವತ್ತಿನ ಪಾಠದಲ್ಲಿ, ಹಡಗಿನಿಂದ ಇಳಿದ ಇಂಗ್ಲಿಷರು ತಿನ್ನಲು ಏನಾದರೂ ಹುಡುಕುತ್ತ ಕರಾವಳಿಯಲ್ಲಿ ಅಲೆಯುವಾಗ ಹೊಸದಾಗಿ ಕೈಯಿಂದ ತಟ್ಟಿದಂತಿದ್ದ ಮರಳಗುಡ್ಡೆ ಕಂಡರಂತೆ. ಅಗೆದು ನೋಡಿದರೆ ಬುಟ್ಟಿ, ಬುಟ್ಟಿಯ ತುಂಬ ಮುಸುಕಿನ ಜೋಳದ ತೆನೆ; ಹಳದಿ, ಕೆಂಪು, ಕೆಲವಂತೂ ನೀಲಿ ಕಾಳು. ಹತ್ತಿರದಲ್ಲೇ ಒಂದು ಕಬ್ಬಿಣದ ಕಡಾಯಿ. ನೋಡಲು ಒಬ್ಬ ಮನುಷ್ಯನೂ ಇಲ್ಲ. ದೇವರೇ ತೋರಿಸಿದ ಎಂದು ಕೈಮುಗಿದು ಹೊತ್ತುಕೊಂಡು ಹೋದರು. ಮುಂದಿನ ವರ್ಷ ಬಿತ್ತಿದ್ದು ಅದೇ ಬೀಜ. “ಕದ್ದಿದ್ಕೂ ದೇವ್ರಾ ಮಿಸ್?” ಎಂದಿದ್ದ ತಿಮ್ಮೇಶ. ಆವತ್ತಿನ ನಗು ಅವಳ ಜೊತೆ ಸೇರಿ ಎದ್ದ ನಗು. ಆ ನಗು ಕೊಟ್ಟ ಧೈರ್ಯದಲ್ಲಿ, ಇನ್ನೂ ಸ್ವಲ್ಪ ಹೊತ್ತು ಅವರ ಕಣ್ಣುಗಳು ತನ್ನ ಮೇಲೇ ಇರಲಿ ಎಂಬ ಆಸೆಯಲ್ಲಿ, ಅವಳು ಹೇಳಿಬಿಟ್ಟಿದ್ದಳು: “ಅಷ್ಟು ದೂರ ಯಾಕೆ ಹೋಗ್ಬೇಕು, ನಮ್ಮ ಕಡೆ ರಾಗಿ ತುಂಬ್ತಿದ್ದ ಹಗೇವು ಇಲ್ವಾ? ನೆಲದೊಳಗೆ ಗುಡಾಣದ ಹಾಗೆ ತೋಡಿ, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಹಾಕಿಬಿಟ್ರೆ ಮನೆಯವರಿಗಲ್ಲದೆ ಬೇರೆಯವರಿಗೆ ಗೊತ್ತಾಗ್ತಿರಲಿಲ್ಲ. ಮೊನ್ನೆ ನಮ್ಮ ಗೋಮಾಳದ ಹೊಲದಲ್ಲೇ ಒಂದು ಸಿಕ್ತು. ಟ್ರ್ಯಾಕ್ಟರಿನ ಚಕ್ರ ಕುಸಿದು ಒಳಗೆ ಹೋಯ್ತು.” ಎಲ್ಲರೂ ಅವಳ ಕಡೆಗೇ ನೋಡುತ್ತಿದ್ದರು. ಎರಡನೇ ಬೆಂಚಿನ ತುದಿಯಲ್ಲಿ ಹೇಮ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ್ದಳು. ಆ ನೋಟವನ್ನು ಚಲುವಾಂಬ ಆವತ್ತು ಮೆಚ್ಚುಗೆ ಎಂದುಕೊಂಡಿದ್ದಳು. ಮನೆಗೆ ಹೋಗಿ ಡೈರಿಯಲ್ಲಿ, ಇವತ್ತು ನಾನು ಪಾಠ ಮಾಡಿದೆ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು.

ನಿನ್ನೆ ಸಂಜೆ ಹೇಮ ವರಾಂಡದಲ್ಲಿ ಕಾದಿದ್ದಳು. ಅವಳೂ ಚಲುವಾಂಬಳ ಊರಿನವಳೇ. ಊರಾಚೆಯ ಕಾಲೋನಿಯ ಚಿಕ್ಕಯ್ಯನ ಮಗಳು, ಮಂಚಮ್ಮಜ್ಜಿಯ ಮೊಮ್ಮಗಳು. ಇಬ್ಬರೂ ಬರುವುದು ಒಂದೇ ಬಸ್ಸಿನಲ್ಲಿ. ಒಬ್ಬಳು ಮುಂದಿನ ಬಾಗಿಲಲ್ಲಿ ಇಳಿದರೆ ಇನ್ನೊಬ್ಬಳು ಹಿಂದಿನ ಬಾಗಿಲಲ್ಲಿ ಇಳಿದು, ಚಲುವಾಂಬ ಬೀದಿಯ ತಿರುವು ದಾಟುವತನಕ ಅರಳಿಕಟ್ಟೆಯ ಹತ್ತಿರ ಏನನ್ನೋ ಹುಡುಕುವವಳ ಹಾಗೆ ನಿಂತಿರುತ್ತಾಳೆ. ಕಾಲೇಜಿನೊಳಗೆ ಮಾತ್ರ ಎರಡನೇ ಬೆಂಚು, ಮಿಸ್ಸು. ಅಲ್ಲೂ ಅವಳು ಈತನಕ ಪಾಠದ್ದಲ್ಲದ ಒಂದು ಮಾತು ಆಡಿರಲಿಲ್ಲ. “ಒಂದ್ ಮಾತು ಮಿಸ್” ಎಂದಳು. “ನಾಳಿಕೆ ನಮ್ಮೂರ ಗೋಮಾಳ ನೋಡಕ್ಕೆ ಸಾಹೇಬ್ರು ಬತ್ತಾವ್ರಂತೆ. ಯಾರು ಸಾಗುವಳಿ ಮಾಡ್ಕಂಡು ಬಂದವ್ರೋ ಅವರ ಎಸ್ರಿಗೆ ಮಾಡ್ಕೊಡ್ತಾರಂತೆ. ಅಲ್ಲಿ ನಮ್ಮ ಅಗೇವಿತ್ತು, ಗುಡ್ಲು ಇತ್ತು ಅಂತ ನಮ್ಮಜ್ಜಿ ಯೋಳ್ತಾನೇ ಅವ್ಳೆ. ಯಾರೂ ನಂಬ್ತಿಲ್ಲ. ನೀವು ಕ್ಲಾಸಲ್ಲಿ ಯೋಳಿದ್ರಲ್ಲ, ಅದನ್ನೇ ಅಲ್ಲೂ ಯೋಳ್ಬುಡಿ ಮಿಸ್. ಬ್ಯಾರೆ ಏನೂ ಬ್ಯಾಡ.” ಏನೂ ಬೇಡ ಎನ್ನುವಾಗ ಅವಳು ಸಣ್ಣಗೆ ನಕ್ಕಳು, ಅಂಗಡಿಯಲ್ಲಿ ಕೊಸರು ಕೇಳುವವರ ಸಂಕೋಚದ ನಗು. ಚಲುವಾಂಬ ‘ನೋಡೋಣ’ ಎಂದಳು. ಅಂದಳೋ, ಅಂದೆ ಎಂದುಕೊಂಡಳೋ. ಹೇಮ ತಲೆಯಾಡಿಸಿ ಹೋದಳು, ಒಪ್ಪಿಗೆ ಸಿಕ್ಕಿದವಳ ಹಾಗೆ. ಅವಳಿಗೆ ಗೊತ್ತಿಲ್ಲದ್ದು ಒಂದಿತ್ತು. ಆ ಗೋಮಾಳಕ್ಕೆ ಚಲುವಾಂಬಳ ಮನೆಯವರು ಹಾಕಿದ್ದ ಅರ್ಜಿ ಅಪ್ಪನ ಹೆಸರಿನಲ್ಲಿರಲಿಲ್ಲ, ಅಣ್ಣ ಮಂಜುನಾಥನ ಹೆಸರಿನಲ್ಲೂ ಇರಲಿಲ್ಲ.

ಹಿಂದಿನ ವರ್ಷ ಅಪ್ಪ ರಂಗಸ್ವಾಮಿ ಜಗಲಿಯ ಮೇಲೆ ಕೂತು ಅದನ್ನು ವಿವರಿಸಿದ್ದು ಒಂದು ತಮಾಷೆಯ ಹಾಗೆ. “ನನ್ನ ಎಸ್ರಲ್ಲಿ ಗದ್ದೆ ಅದೆ, ಮಂಜನ ಎಸ್ರಲ್ಲಿ ತೋಟ ಅದೆ. ನಿನ್ನ ಎಸ್ರಲ್ಲಿ ಏನವ್ವ ಅದೆ? ಕಾನೂನಲ್ಲಿ ನೀನು ಭೂಮಿ ಇಲ್ದೋಳು ಕಣವ್ವ.” ಅವ್ವ ಪುಟ್ಟಲಕ್ಷ್ಮಮ್ಮ ಅವರೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ನಕ್ಕಿದ್ದಳು. ಭೂಮಿ ಇಲ್ಲದವಳು ಎಂಬ ಮಾತು ಚಲುವಾಂಬಳಿಗೆ ಸಣ್ಣಗೆ ಚುಚ್ಚಿ, ಆ ಮೇಲೆ ಯಾಕೋ ಹಿತವಾಗಿ, ಅವಳು ಅಪ್ಪ ತೋರಿಸಿದ ಕಡೆ ರುಜು ಹಾಕಿದ್ದಳು. ಇಳಿಜಾರಿನ ಮೇಲ್ಭಾಗದ ಆ ನೆಲ ಅವಳು ಹೈಸ್ಕೂಲಿಗೆ ಹೋಗುವಾಗ ಹೇಗಿತ್ತು? ಹುರುಳಿ ಇತ್ತು. ಒಂದು ಹುಣಸೇಮರ ಇತ್ತು. ಮರದ ಕೆಳಗೆ ಕಪ್ಪಗೆ ಒಲೆಗುಂಡುಗಳಿದ್ದವು. ಯಾರೋ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹುರುಳಿ ಕೀಳುತ್ತಿದ್ದಳು. ಯಾರೋ ಎಂದು ಈಗ ಅನ್ನಿಸುತ್ತಿತ್ತೇ ಹೊರತು ಆಗ ಅವಳಿಗೆ ಮಂಚಮ್ಮ ಎಂದು ಗೊತ್ತೇ ಇತ್ತು. ‘ಇಸ್ಕೂಲ್‌ಗಾ ಕೂಸೇ’ ಎಂದು ಆ ಹೆಂಗಸು ಕೂಗಿ ಕೇಳಿದರೆ ಇವಳು ಪುಸ್ತಕದ ಚೀಲ ಎದೆಗಪ್ಪಿ ಓಡುತ್ತಿದ್ದಳು. ಸರ್ಕಾರದವರು ಊರಾಚೆ ಮನೆ ಕಟ್ಟಿಕೊಟ್ಟ ಮೇಲೆ ಅವರ ಗುಡಿಸಲು ಅಲ್ಲಿಂದ ಹೋಯಿತು, ಹುರುಳಿ ಮಾತ್ರ ಉಳಿಯಿತು. ಒಂದು ಬೇಸಿಗೆಯಲ್ಲಿ ಮಂಜುನಾಥ ಟ್ರ್ಯಾಕ್ಟರು ತಂದ. ಕೆಳಗಿನ ತಮ್ಮ ಹೊಲ ಉಳುತ್ತ ಉಳುತ್ತ ಬದು ದಾಟಿ ಮೇಲಕ್ಕೂ ಉತ್ತ. ಹುಣಸೇಮರ ಇಟ್ಟಿಗೆಗೂಡಿಗೆ ಹೋಯಿತು. ಚಿಕ್ಕಯ್ಯ ಬಂದು ಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದ. “ಏನ್ಲಾ ಚಿಕ್ಕ?” ಎಂದು ಅಪ್ಪ ಜಗಲಿಯಿಂದಲೇ ಕೇಳಿದ. “ಏನಿಲ್ಲ ಗೌಡ್ರೆ” ಎಂದು ಚಿಕ್ಕಯ್ಯ ಹೊರಟುಹೋದ. ಮಾರನೆಯ ವಾರ ಅದೇ ನೆಲದಲ್ಲಿ ತೆಂಗಿನ ಸಸಿಗೆ ಗುಂಡಿ ತೋಡಲು ಅವನೇ ಕೂಲಿಗೆ ಬಂದ.

ಮಧ್ಯಾಹ್ನ ರಜೆ ಕೇಳಲು ಪ್ರಿನ್ಸಿಪಾಲರ ಕೋಣೆಯ ಮುಂದೆ ನಿಂತಾಗ, ಅವರು ಎರಡು ಸಲ ‘ಏನು?’ ಅಂದರೆ ರಜೆಯೇ ಬೇಡವೆಂದು ತಿರುಗಿಬಿಡುತ್ತೇನೆ, ಊರಿಗೆ ಹೋಗುವುದೇ ಇಲ್ಲ ಎಂದುಕೊಂಡಳು. ಅವರು ಒಂದೇ ಸಲಕ್ಕೆ ‘ಹೋಗ್ಬನ್ನಿ’ ಅಂದುಬಿಟ್ಟರು. ಬಸ್ಸಿನಲ್ಲಿ ಕಬ್ಬಿನ ಲಾರಿಗಳ ಹಿಂದೆ ಕೂತು ಬರುವಾಗ ಮನಸ್ಸು ಆ ಹಗೇವಿನ ಬಾಯಿಗೇ ಹೋಗಿ ಬಗ್ಗಿ ನೋಡುತ್ತಿತ್ತು. ಚಕ್ರ ಕುಸಿದ ದಿನ ಮಂಜುನಾಥ ಹುಲ್ಲಿನ ಸಿವುಡಿಗೆ ಬೆಂಕಿ ಹಚ್ಚಿ ಒಳಕ್ಕೆ ಇಳಿಬಿಟ್ಟಿದ್ದ. ಅದು ಅರ್ಧಕ್ಕೇ ಆರಿತು. ‘ಕೆಟ್ಟ ಗಾಳಿ ತುಂಬ್ಕಂಡದೆ, ಇಳೀಬ್ಯಾಡ’ ಎಂದ ಅಪ್ಪ. ಬ್ಯಾಟರಿ ಬಿಟ್ಟು ನೋಡಿದರೆ ಗೋಡೆಗೆ ಅಂಟಿಕೊಂಡ ರಾಗಿ ಮುಗ್ಗಿ ಕಪ್ಪಾಗಿತ್ತು, ತಳದಲ್ಲಿ ಏನೋ ಹೊಳೆಯಿತು. ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಪಾತಾಳಗರಡಿ ತಂದು ಕೆದಕಿದಾಗ ಕೊಕ್ಕೆಗೆ ಸಿಕ್ಕಿ ಮೇಲೆ ಬಂದದ್ದು ಒಂದು ಅಲ್ಯುಮಿನಿಯಂ ಚೊಂಬು. ಪಾತ್ರೆ ಕೊಳ್ಳುವಾಗ ಅಂಗಡಿಯವನ ಕೈಲಿ ಎಲ್ಲರೂ ಹೆಸರು ಹಾಕಿಸುತ್ತಾರಲ್ಲ, ಹಾಗೆ ಅದರ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರಿತ್ತು. ಅಪ್ಪನಿಗೆ ಕನ್ನಡಕ ಇರಲಿಲ್ಲ. “ಏನಂತ ಅದೆ ಓದವ್ವ” ಎಂದ. ಅವಳು ಓದಿದಳು. ಮಂಚಮ್ಮ. ಆ ಹೆಸರು ಮಾತ್ರ ಅವಳ ಬಾಯಿಂದ ಎಲ್ಲರಿಗೂ ಕೇಳಿಸುವ ಹಾಗೆ ಬಂದಿತ್ತು. ಅಪ್ಪ ಚೊಂಬನ್ನು ಇಸಿದುಕೊಂಡು ಒಂದು ಸಲ ತಿರುಗಿಸಿ ನೋಡಿ, ಗುಂಡಿಯೊಳಕ್ಕೇ ಬಿಟ್ಟ. ಕೆಳಗೆ ಬಿದ್ದ ಸದ್ದು ತುಂಬ ತಡವಾಗಿ ಬಂದ ಹಾಗಿತ್ತು. ಆವತ್ತೇ ಕಲ್ಲು ತುಂಬಿಸಿದರು, ಮೇಲೆ ಗಾಡಿಗಟ್ಟಲೆ ಗೊಬ್ಬರ ಹೊಡೆಸಿ ಹರಡಿದರು. ಕ್ಲಾಸಿನಲ್ಲಿ ಅವಳು ಹಗೇವಿನ ಕತೆ ಹೇಳಿದ್ದಳು, ಚೊಂಬಿನ ಕತೆ ಹೇಳಿರಲಿಲ್ಲ. ಇಂಗ್ಲಿಷರ ಕಡಾಯಿಯನ್ನು ಹೇಳಿದವಳು ಇದನ್ನು ಯಾಕೆ ಬಿಟ್ಟೆ? ಮರೆತೆ ಎಂದುಕೊಳ್ಳಲು ನೋಡಿದಳು. ಮರೆತವರಿಗೆ ಚುಕ್ಕಿಗಳು ಇಷ್ಟು ಚೆನ್ನಾಗಿ ನೆನಪಿರುವುದಿಲ್ಲ.

“ಬಂದ್ಯಾ, ಒಳ್ಳೇದಾಯ್ತು ಬಾ” ಎಂದ ಅಪ್ಪ. ಬಿಳಿ ಶರಟು ಹಾಕಿ ತಯಾರಾಗಿದ್ದ. “ನೋಡು, ನೀನೇನೂ ಜಾಸ್ತಿ ಮಾತಾಡಂಗಿಲ್ಲ. ನಾನು ಚಿಕ್ಕೋಳಿದ್ದಾಗ್ಲಿಂದ ಇದು ಬೀಳು ಬಿದ್ದಿತ್ತು, ನಮ್ಮಪ್ಪ ಉತ್ತು ಅದ ಮಾಡುದ್ರು ಅನ್ನು, ಸಾಕು. ಬೇಲಿ ಕಟ್ಟಿದ್ದು ಯಾರು, ನಾವು. ಗೊಬ್ಬರ ಒಡ್ದಿದ್ದು ಯಾರು, ನಾವು. ಅವರೇನ್ ಮಾಡವ್ರೆ, ಒಂದು ಕಡ್ಡಿ ನೆಟ್ಟಿಲ್ಲ.” ಚಲುವಾಂಬ ಅನ್ನದ ತಟ್ಟೆಯ ಮುಂದೆ ಕೂತು ಕೇಳುತ್ತಿದ್ದಳು. ಬೇಲಿ ಹಾಕದ ನೆಲ, ಗೊಬ್ಬರ ಕಾಣದ ನೆಲ ಯಾರದೂ ಅಲ್ಲ ಎಂದು ವಸಾಹತುಗಾರರು ವಾದಿಸಿದರು: ಆಷಾಢದಲ್ಲಿ ಅವಳೇ ಬರೆಸಿದ ನೋಟ್ಸು, ಐದು ಅಂಕದ ಪ್ರಶ್ನೆ. ಅಪ್ಪ ಯಾವ ಪುಸ್ತಕವನ್ನೂ ಓದದೆ ಅದನ್ನು ತನ್ನಷ್ಟಕ್ಕೆ ತಾನೇ ಕಂಡುಕೊಂಡಿದ್ದ. ಒಂದು ಗಳಿಗೆ ಅವಳಿಗೆ ಅದನ್ನು ಅಪ್ಪನಿಗೆ ಹೇಳಬೇಕೆನ್ನಿಸಿತು. ಹೇಳಿದರೆ ಅವನು ನೊಂದುಕೊಳ್ಳುತ್ತಿರಲಿಲ್ಲ, ‘ನೋಡ್ದಾ, ಅಮೇರಿಕದೋರೂ ಇದ್ನೇ ಅಂದವ್ರೆ’ ಎಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದ. “ಆ ಮುದ್ಕಿ ಅಗೇವು ಅಗೇವು ಅಂತ ಬಡ್ಕತಾವ್ಳೆ” ಎಂದ ಮಂಜುನಾಥ ಬಾಗಿಲಲ್ಲಿ ನಿಂತು. “ಎಲ್ಲದೆ ಅಂತ ತೋರ್ಸ್ಲಿ ನೋಡುವ. ಅಲ್ಲ, ಅದು ಸಿಕ್ಕಿದ್ದು ಆ ಮುದ್ಕಿಗೆ ಗೊತ್ತಾಗಿದ್ದು ಎಂಗೆ ಅಂತೀನಿ?” ಅವ್ವ ಇನ್ನೊಂದು ಹಿಡಿ ಅನ್ನ ಬಡಿಸಿದಳು. ಚಲುವಾಂಬ ಬೇಡ ಎನ್ನಲಿಲ್ಲ.

ಗೋಮಾಳದಲ್ಲಿ ಆಗಲೇ ಜನ ಸೇರಿದ್ದರು. ರೆವಿನ್ಯೂ ಇನ್‌ಸ್ಪೆಕ್ಟರು ತಲೆಗೆ ಕರ್ಚೀಫು ಹಾಕಿಕೊಂಡು ತೆಂಗಿನ ಸಸಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಕುರ್ಚಿ ಅಪ್ಪನ ಮನೆಯದೇ. ಎಳನೀರು ಕುಡಿದು, ಬಾಯಿ ಒರೆಸಿಕೊಂಡು, ಅವರು ಕೂಗಿದರು: “ಚಲುವಾಂಬ ಬಿನ್ ರಂಗಸ್ವಾಮಿ ಯಾರಪ್ಪ?” ಆ ಹೆಸರು ಬಯಲಿನಲ್ಲಿ ಬೇರೆ ಯಾರದೋ ಹಾಗೆ ಕೇಳಿಸಿತು. ಎಡಗಡೆ ದೂರದಲ್ಲಿ ಕಾಲೋನಿಯವರ ಗುಂಪು ನಿಂತಿತ್ತು. ಮುಂದೆ ಚಿಕ್ಕಯ್ಯ, ಅವನ ಪಕ್ಕ ಕೋಲು ಹಿಡಿದ ಮಂಚಮ್ಮ, ಅವಳ ಹಿಂದೆ ಕಾಲೇಜಿಗೆ ಉಡುವ ನೀಲಿ ಸೀರೆಯಲ್ಲೇ ಹೇಮ. ಹೇಮಳೂ ಮಧ್ಯಾಹ್ನದ ಕ್ಲಾಸು ಬಿಟ್ಟು ಬಂದಿದ್ದಳು. ಹೆಸರು ಕೇಳಿದಾಗ ಅವಳು ಮೊದಲು ಇನ್‌ಸ್ಪೆಕ್ಟರರ ಕಡೆ ನೋಡಿದಳು, ಆ ಮೇಲೆ ಮಿಸ್ ಕಡೆ. ಏನೋ ತಪ್ಪಾಗಿ ಓದಿದ್ದಾರೆ, ಮಿಸ್ ಈಗ ತಿದ್ದುತ್ತಾರೆ ಎಂದು ಕಾಯುವ ಮುಖ. ಚಲುವಾಂಬ ಒಂದು ಹೆಜ್ಜೆ ಮುಂದೆ ಬಂದಳು. “ಓಹ್, ನೀವೇನಾಮ್ಮ? ಲೆಕ್ಚರರ್ ಅಂತೆ. ಕೂತ್ಕೊಳ್ಳಿ” ಎಂದು ಅವರು ತಾವೇ ಅರ್ಧ ಎದ್ದರು. ಅವಳು ಬೇಡವೆಂದು ತಲೆಯಾಡಿಸಿದಳು. ತನಗಾಗಿ ಒಬ್ಬ ಅಧಿಕಾರಿ ಕುರ್ಚಿಯಿಂದ ಎದ್ದದ್ದು ಅವಳ ಜೀವಮಾನದಲ್ಲೇ ಮೊದಲು. ಆ ಸಂತೋಷ ತನಗೆ ಆಗಬಾರದಿತ್ತು ಎಂದು ಗೊತ್ತಿದ್ದೂ ಆಯಿತು.

“ಏನಜ್ಜಿ, ನಿಂದೇನು?” ಎಂದರು ಇನ್‌ಸ್ಪೆಕ್ಟರು. ಮಂಚಮ್ಮ ಕೋಲೂರಿಕೊಂಡು ಹತ್ತಿರ ಬಂದಳು. “ನಮ್ ಮಾವ ಕಲ್ಲು ಆಯ್ದು ಮಾಡಿದ ಭೂಮಿ ಕಣಪ್ಪ. ನಾನು ಮದ್ವೆಯಾಗಿ ಬಂದಿದ್ದೇ ಇಲ್ಲಿಗೆ. ಇಲ್ಲೇ ಗುಡ್ಲು, ಇಲ್ಲೇ ಅಗೇವು.” “ಎಲ್ಲಿ, ತೋರಿಸು.” ಮುದುಕಿ ನಡೆದಳು. ಸುತ್ತ ನೋಡಿದಳು. ಹುಣಸೇಮರ ಇರಬೇಕಾದ ಕಡೆ ಬರೀ ಬಿಸಿಲಿತ್ತು. ಒಂದು ಕಡೆ ಕೋಲು ಊರಿ, ‘ಇಲ್ಲ’ ಎಂದುಕೊಂಡು, ಇನ್ನೊಂದು ಕಡೆಗೆ ಹೋದಳು. ಸಾಲು ಸಸಿಗಳು, ಸಮ ಮಾಡಿದ ಮಣ್ಣು, ಎಲ್ಲ ಒಂದೇ ಥರ. ತಾನು ಬಾಳಿದ ಮನೆಯ ಜಾಗವನ್ನು ಹುಡುಕಲಾರದೆ ಅವಳು ಬಯಲ ಮಧ್ಯೆ ಸುತ್ತುತ್ತಿದ್ದಳು. ಮಂಜುನಾಥನ ಗೆಳೆಯರಲ್ಲಿ ಯಾರೋ, “ಅಜ್ಜಿ, ಕೆ.ಆರ್. ಪೇಟೆ ಕಡೆ ಇರ್ಬೇಕು ನೋಡು” ಎಂದ. ಜನ ನಕ್ಕರು. “ಮರ ಕಡ್ದವ್ರೆ ಕಣಪ್ಪ, ಗುರ್ತು ಸಿಕ್ತಿಲ್ಲ” ಎಂದಳು ಮಂಚಮ್ಮ, ತಪ್ಪು ತನ್ನದೇ ಎಂಬಂತೆ. ಅವಳು ಕೋಲು ಊರಿದ ಜಾಗದಿಂದ ಹತ್ತು ಮಾರು ಆಚೆಗೆ, ಮೂರನೇ ಸಾಲಿನ ತುದಿಯಲ್ಲಿ, ಗಾಡಿಗಟ್ಟಲೆ ಗೊಬ್ಬರ ಬಿದ್ದ ಕಡೆ, ಒಂದು ಸಸಿ ಮಾತ್ರ ಉಳಿದವಕ್ಕಿಂತ ಎತ್ತರವಾಗಿತ್ತು. ಚಲುವಾಂಬಳ ಕಣ್ಣು ಅಲ್ಲಿಗೆ ಹೋಗಿ ಹೋಗಿ ಬರುತ್ತಿತ್ತು. ಕಣ್ಣನ್ನು ಕಟ್ಟಿಹಾಕಲು ಅವಳು ಇನ್‌ಸ್ಪೆಕ್ಟರರ ಚಪ್ಪಲಿಯನ್ನು ನೋಡುತ್ತ ನಿಂತಳು.

ಆಗ ಹೇಮ ಮುಂದೆ ಬಂದಳು. “ಸಾರ್, ನಮ್ ಮಿಸ್ಸಿಗೆ ಗೊತ್ತು ಸಾರ್. ಅಗೇವು ಸಿಕ್ಕಿದ್ದು ಅವ್ರೇ ನೋಡವ್ರೆ. ಕ್ಲಾಸಲ್ಲಿ ಎಲ್ಲಾರ್ ಮುಂದೆ ಯೋಳವ್ರೆ.” ಅವಳ ದನಿ ನಡುಗುತ್ತಿತ್ತು, ಆದರೂ ಕೇಳಿಸುತ್ತಿತ್ತು. ಅರ್ಜಿ ಯಾರ ಹೆಸರಿನಲ್ಲಿದೆ ಎಂದು ಗೊತ್ತಾದ ಮೇಲೂ ಕೇಳುತ್ತಿದ್ದಾಳೆ! ಮಂಜುನಾಥ ಹಲ್ಲು ಕಚ್ಚಿ ತಂಗಿಯ ಕಡೆ ತಿರುಗಿದ. ಅಪ್ಪನ ಮುಖದ ಬಣ್ಣ ಇಳಿಯಿತು. ಅವನು ಅವಳನ್ನು ನೋಡಿದ ರೀತಿಯಲ್ಲಿ ಕೋಪವಿರಲಿಲ್ಲ, ಭಯವಿತ್ತು. ಅಪ್ಪ ತನಗೆ ಹೆದರುವುದನ್ನು ಅವಳು ಎಂದೂ ಕಂಡಿರಲಿಲ್ಲ. “ಹೌದೇನಮ್ಮ? ಹಗೇವು ಇತ್ತಾ?” ಎಂದರು ಇನ್‌ಸ್ಪೆಕ್ಟರು. ಬಯಲೆಲ್ಲ ಅವಳ ಕಡೆ ತಿರುಗಿತು, ಆಷಾಢದ ಆ ದಿನದ ಕ್ಲಾಸಿನ ಹಾಗೆ. ಇಲ್ಲ ಎಂದರೆ ಹೇಮಳ ಎದುರಿಗೆ ಹಸಿ ಸುಳ್ಳಾಗುತ್ತದೆ. ಇತ್ತು, ಅದರಲ್ಲಿ ಹೀಗೊಂದು ಹೆಸರಿನ ಚೊಂಬಿತ್ತು ಎನ್ನಲು ಆರೇಳು ಮಾತು ಸಾಕು. ಆ ಮಾತುಗಳು ಗಂಟಲಲ್ಲಿ ಸಾಲಾಗಿಯೇ ಇದ್ದವು. ಅವಳು ಬಾಯಿ ತೆರೆದಳು.

“ಹಗೇವು ಸಿಕ್ಕಿದ್ದು ನಿಜ ಸರ್” ಎಂದಳು. ಹೇಮಳ ಮುಖ ಅರಳಿತು. “ಆದರೆ ಚರಿತ್ರೆಯ ದೃಷ್ಟಿಯಿಂದ ನೋಡಿದರೆ, ಒಂದು ಹಗೇವು ಸಿಕ್ಕಿದ ಮಾತ್ರಕ್ಕೆ ಅದು ಇಂಥವರದೇ ಎಂದು ಹೇಳಲು ಬರುವುದಿಲ್ಲ. ಈ ಪ್ರದೇಶದಲ್ಲಿ ಹಗೇವುಗಳು ಎಲ್ಲ ಕಡೆಯೂ ಇವೆ. ಊರುಗಳು ಎಷ್ಟೋ ಸಲ ಜಾಗ ಬದಲಾಯಿಸಿವೆ. ಶ್ರೀರಂಗಪಟ್ಟಣದ ಯುದ್ಧಗಳ ಕಾಲದಲ್ಲಿ ಇಲ್ಲೆಲ್ಲ ಸೈನ್ಯ ಬೀಡುಬಿಟ್ಟಿತ್ತು, ದವಸ ಬಚ್ಚಿಟ್ಟವರು ಯಾರು ಬೇಕಾದರೂ ಇರಬಹುದು. ಇದು ಆ ಕಾಲದ್ದೂ ಇರಬಹುದು. ಖಚಿತವಾದ ಆಧಾರ ಇಲ್ಲದೆ ಏನನ್ನೂ ಹೇಳುವುದು ಸರಿಯಲ್ಲ.” ಒಂದು ಕಡೆಯೂ ತಡವರಿಸಲಿಲ್ಲ. ದನಿ ಬಯಲಿನ ಆ ತುದಿಯತನಕ ಹೋಗುತ್ತಿತ್ತು, ಹಿಂದೆ ನಿಂತವರೂ ಕಿವಿಗೆ ಕೈ ಇಡದೆ ಕೇಳುತ್ತಿದ್ದರು. ಮಾತು ಮುಗಿಯುತ್ತ ಬಂದಾಗ ಇನ್ನೂ ಒಂದೆರಡು ವಾಕ್ಯ ಇದ್ದಿದ್ದರೆ ಎಂದು ಕೂಡ ಅನ್ನಿಸಿತು. “ಓಹೋ, ಟಿಪ್ಪು ಕಾಲದ್ದು” ಎಂದು ಇನ್‌ಸ್ಪೆಕ್ಟರು ತಲೆದೂಗಿದರು. “ಓದಿದವರು ಅಂದ್ರೆ ಹೀಗಿರಬೇಕು ನೋಡಿ. ನಿಜಾನೂ ಒಪ್ಕೊಂಡ್ರು, ವಿಷಯಾನೂ ಹೇಳಿದ್ರು. ಏನಜ್ಜಿ, ನಿನ್ನ ಹತ್ರ ಬೇರೇನಾದ್ರೂ ಆಧಾರ ಇದ್ಯಾ?” ಮಂಚಮ್ಮ ಏನು ಕೇಳಿದರೆಂದು ಮಗನ ಮುಖ ನೋಡಿದಳು. ಚಿಕ್ಕಯ್ಯ ಹೆಗಲ ಟವಲನ್ನು ಕೊಡವಿ ಮತ್ತೆ ಹೆಗಲಿಗೇ ಹಾಕಿಕೊಂಡ.

ಜನ ಚೆದುರುವಾಗ ಮುದುಕಿ ಅವಳ ಎದುರಿಗೇ ಹಾದುಹೋಗುತ್ತಿದ್ದವಳು ನಿಂತಳು. ಬೈದರೆ ಬೈಯಲಿ ಎಂದು ಚಲುವಾಂಬ ಮೈಯನ್ನೆಲ್ಲ ಗಟ್ಟಿ ಮಾಡಿಕೊಂಡಳು. “ಟಿಪ್ಪು ಸುಲ್ತಾನ ಬಂದು ನಮ್ ಮಾವನ್ ಕೈಲಿ ರಾಗಿ ತುಂಬ್ಸುದ್ನೇನವ್ವ?” ಎಂದು ಮಂಚಮ್ಮ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. “ಅಲ್ಲೊಂದು ಚೊಂಬು ಬಿದ್ದೋಗಿತ್ತು. ಕಡೇ ಸಲ ರಾಗಿ ತೆಗೆದಾಗ ನೀರು ಕುಡಿಯೋಕೆ ಇಳ್ಸಿದ್ದು, ಕೈ ಜಾರ್ತು. ನನ್ನ ಎಸ್ರು ಆಕ್ಸಿದ್ದೆ ಅದುಕ್ಕೆ, ತೌರಲ್ಲಿ ಕೊಡ್ಸಿದ್ದು. ಅದಾದ್ರೂ ಸಿಕ್ಕಿದ್ರೆ… ಆಗ್ಲಿ ಬುಡು.” ಅವಳಿಗೆ ಗೊತ್ತಿತ್ತೋ, ಸುಮ್ಮನೆ ಹೇಳಿದಳೋ. ಕಣ್ಣಲ್ಲಿ ಹುಡುಕಿದರೆ ಹಳೆಯ ಪೊರೆಯ ಹೊರತು ಏನೂ ಕಾಣಲಿಲ್ಲ. “ಚೆಂದಾಗ್ ಮಾತಾಡ್ತೀಯ ಕಣವ್ವ. ಚಿಕ್ಕೋಳಿದ್ದಾಗ ಬಾಯೇ ಇರ್ಲಿಲ್ಲ ನಿಂಗೆ” ಎಂದು ಹೊರಟಳು. ಮನೆಯಲ್ಲಿ ಆ ಸಂಜೆ ಅಪ್ಪ ಬಂದವರಿಗೆಲ್ಲ ಕಾಫಿ ಕೊಡಿಸಿದ. “ನಮ್ ಮಗ್ಳು ಬಾಯಿ ಬುಡಾಕಿಲ್ಲ ಅಂತಿದ್ರಲ್ಲ, ಇವತ್ತು ನೋಡ್ಬೇಕಿತ್ತು” ಎಂದ. ಹೆಣ್ಣು ನೋಡಲು ಬಂದವರು ಮಾತಿಲ್ಲದ ಹುಡುಗಿ ಎಂದು ಬಿಟ್ಟುಹೋದದ್ದನ್ನು ಅವ್ವ ನೆನೆಸಿಕೊಂಡಳು; ಅಕ್ಕಿಹೆಬ್ಬಾಳಿನ ಕಡೆಯವರಿಗೆ ಇನ್ನೊಂದು ಸಲ ಹೇಳಿಕಳಿಸೋಣ ಎಂದಳು. ಚಲುವಾಂಬ ಕಾಫಿಯ ಲೋಟಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಒಂದೊಂದನ್ನೇ ತೊಳೆದಳು. ಆವತ್ತು ಡೈರಿಯಲ್ಲಿ ತಾರೀಖು ಬರೆದು, ಕೆಳಗೆ ಬರೆಯಲು ವಾಕ್ಯ ಹೊಂದಿಸಿದಳು. ಅವಳು ಹೊಂದಿಸಿದ ಒಂದೊಂದು ವಾಕ್ಯವೂ ‘ಆದರೆ’ ಎಂದೇ ಶುರುವಾಗುತ್ತಿತ್ತು.

ಮರುದಿನ ಬಸ್ಸಿನಲ್ಲಿ ಚಲುವಾಂಬ ಹಿಂದಕ್ಕೆ ತಿರುಗಿ ನೋಡಲಿಲ್ಲ, ಹೇಮ ಬರುವುದಿಲ್ಲ ಎಂದು ದಾರಿಯುದ್ದಕ್ಕೂ ನಂಬಿಕೊಂಡಿದ್ದಳು. ಹಾಜರಿ ಕೂಗುವಾಗ ಆ ಹೆಸರಿಗೆ ಬಂದು ಒಂದು ಕ್ಷಣ ನಿಂತಳು. “ಎಸ್ ಮಿಸ್” ಎಂದಿತು ಎರಡನೇ ಬೆಂಚಿನ ತುದಿ. ಹಾಜರಿ ಕಮ್ಮಿಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಬರದೆ ಏನು ಮಾಡುತ್ತಾಳೆ. ಚಲುವಾಂಬ ಪಾಠ ಶುರು ಮಾಡಿದಳು. ಓಕ್ಲಹೋಮದ ದಾರಿ, ಚಳಿ, ದಾರಿಯಲ್ಲಿ ಸತ್ತವರು. ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ಗೊತ್ತಾಯಿತು, ಯಾರೂ ‘ಕೇಳ್ತಿಲ್ಲ’ ಅಂದಿಲ್ಲ. ತಿಮ್ಮೇಶ ಕೂಡ ಪೆನ್ನು ಹಿಡಿದು ಬಗ್ಗಿದ್ದ. ನಿನ್ನೆ ಬಯಲಿನಲ್ಲಿ ಬಂದ ದನಿ ಹೋಗಿರಲಿಲ್ಲ, ಗಂಟಲಲ್ಲೇ ಉಳಿದುಕೊಂಡಿತ್ತು. ಸಣ್ಣಗೆ ಮಾತಾಡಿ ನೋಡಿದಳು, ಆಗಲಿಲ್ಲ. ಸ್ಪಷ್ಟವಾಗಿ, ತಡೆಯಿಲ್ಲದೆ, ಒಂದು ದೇಶದ ಜನರನ್ನು ಅವರ ನೆಲದಿಂದ ಎಬ್ಬಿಸಿ ಕಳಿಸಿದ ಕತೆಯನ್ನು ಆ ದನಿ ಹೇಳುತ್ತ ಹೋಯಿತು. ಅವಳು ಅದರ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಗಂಟೆ ಹೊಡೆದ ಮೇಲೆ ನಾಲ್ಕೈದು ಹುಡುಗಿಯರು ಮುಖ್ಯ ಪ್ರಶ್ನೆ ಕೇಳಲು ಮೇಜಿನ ಸುತ್ತ ಬಂದರು. ಅವರೆಲ್ಲ ಹೋದ ಮೇಲೂ ಹೇಮ ನಿಂತಿದ್ದಳು. ಈಗ ಕೇಳುತ್ತಾಳೆ ಎಂದುಕೊಂಡಳು ಚಲುವಾಂಬ. ಕೇಳಲಿ, ಕೂಗಲಿ, ಪ್ರಿನ್ಸಿಪಾಲರ ಕೋಣೆಗೆ ಕೇಳುವ ಹಾಗೆ ಕೂಗಲಿ. “ಹೇಮಾ, ನಿನ್ನೆ…” ಎಂದಳು. ಹೇಮ ಅದು ಕೇಳಿಸದವಳ ಹಾಗೆ ಪುಸ್ತಕ ಬಿಚ್ಚಿ ಮೇಜಿನ ಮೇಲಿಟ್ಟಳು. “ಮಿಸ್, ವಸಾಹತು ಹೆಂಗೆ ಶುರುವಾಯ್ತು ಅನ್ನೋ ಉತ್ತರಕ್ಕೆ ನೀವು ಹಗೇವಿಂದು ಹೇಳಿದ್ರಲ್ಲ. ಜೋಳ ಬಚ್ಚಿಟ್ಟಿದ್ದು, ಇವರು ಅಗೆದು ತಗೊಂಡು ಹೋಗಿದ್ದು. ಗೈಡಲ್ಲಿ ಇಲ್ಲ. ಪರೀಕ್ಷೇಲಿ ಬರೀಬೇಕಾ ಮಿಸ್, ಬಿಟ್ಟುಬಿಡಬೇಕಾ?” ಅವಳು ಪುಸ್ತಕದ ಭಾಷೆಯಲ್ಲಿ, ಒಂದೊಂದು ಅಕ್ಷರವನ್ನೂ ಸರಿಯಾಗಿ ಇಟ್ಟು ಕೇಳಿದಳು. ಚಲುವಾಂಬ ಆ ಮುಖದಲ್ಲಿ ವ್ಯಂಗ್ಯವನ್ನು ಹುಡುಕಿದಳು. ಒಂದಿಷ್ಟಾದರೂ ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಕ್ಕಿದ ಹಾಗಾಗುತ್ತಿತ್ತು. ಅಂಕ ಬೇಕಾದ ಒಂದು ಹುಡುಗಿಯ ಮುಖ, ಅಷ್ಟೆ.

“ಬೇಡ, ಬಿಟ್ಟುಬಿಡು” ಎಂದಳು. ವರಾಂಡದಲ್ಲಿ ಹೋಗುತ್ತಿದ್ದವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಬಂತು. ಹೇಮ ‘ಸರಿ ಮಿಸ್’ ಎಂದು ಅಲ್ಲೇ ಮೇಜಿನ ಮೇಲೆ ಬಗ್ಗಿ, ಸ್ಕೇಲು ಇಟ್ಟು, ಆ ಸಾಲುಗಳ ಮೇಲೆ ಒಂದೊಂದಾಗಿ ಗೆರೆ ಎಳೆಯತೊಡಗಿದಳು. ಗೆರೆ ಎಲ್ಲೂ ಸೊಟ್ಟಗಾಗಲಿಲ್ಲ.